ಕಜೆಟನ್ ಪೊರ್ಬುಗಳ ಸ್ಟೆಡಿ

ಕಜೆಟನ್ ಮೆಂಡೋನ್ಸಾ ಕುಡುಕ ಎಂದು ಯಾರಾದರೂ ನನ್ನ ವರ್ಕ್‌ಶಾಪಿನಲ್ಲಿ ಕೂತು ಹೇಳಿದರೆ ಈಗ ನಾನು ಎದ್ದು ಜಗಳಕ್ಕೇ ಹೋಗುತ್ತೇನೆ. ಕಾಪು ಪೇಟೆಯಲ್ಲಿ ಇದೇ ವಿಷಯಕ್ಕೆ ಎರಡು ಮೂರು ಮಂದಿ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಬಿಡಲಿ, ನನಗೇನೂ ನಷ್ಟವಿಲ್ಲ. ಆದರೆ ಆ ಮಾತನ್ನು ಕಜೆಟನ್ ಅವರ ಮುಖಕ್ಕೆ ಹೇಳಿದ ಮೊದಲ ಮನುಷ್ಯ ನಾನೇ. ಒಂದು ಸಲವಲ್ಲ, ಎರಡು ಸಲ. ಅದನ್ನು ಮುಚ್ಚಿಟ್ಟು ಅವರ ಕಥೆ ಹೇಳಲು ಹೊರಟರೆ ನಾಲಿಗೆ ಹುಳ ಬಿದ್ದು ಹೋದೀತು.

ನನ್ನ ಹೆಸರು ಸರ್ವೋತ್ತಮ ಆಚಾರ್ಯ. ಕಾಪುವಿನಿಂದ ಶಿರ್ವಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನನ್ನದೊಂದು ಲೇತ್ ಮತ್ತು ವೆಲ್ಡಿಂಗ್ ಶಾಪ್ ಉಂಟು. ಗೇಟು, ಗ್ರಿಲ್ಲು, ಮೀನಿನ ಬೋಟಿನ ಶಾಫ್ಟು, ಪಂಪಿನ ಬುಷ್ಷು, ಏನು ಬಂದರೂ ಮಾಡುತ್ತೇನೆ. ಕೋಪ ಮೂಗಿನ ತುದಿಯಲ್ಲೇ ಇರುವ ಜನ ನಾನು. ಹೆಂಡತಿ ಹೇಳುವ ಪ್ರಕಾರ ನಾನು ಕಬ್ಬಿಣದ ಹತ್ತಿರ ಮಾತ್ರ ಸಮಾಧಾನದಿಂದ ಮಾತನಾಡುತ್ತೇನೆ.

ಕಜೆಟನ್ ಬೆಳ್ಮಣ್‌ನವರು. ನಮ್ಮ ಕಡೆ ತುಳು ಮಾತನಾಡುವ ನಾವು ಕೊಂಕಣಿ ಕ್ರಿಶ್ಚಿಯನ್ ಗಂಡಸರನ್ನು ಸಲಿಗೆಯಿಂದ ಪೊರ್ಬುಗಳು, ಹೆಂಗಸರನ್ನು ಬಾಯಿ ಎನ್ನುತ್ತೇವೆ; ಅವರು ನನ್ನನ್ನು ಆಚಾರ್ರೇ ಎನ್ನುತ್ತಾರೆ. ಅವರ ಅಪ್ಪ ಮದುವೆ ಮನೆಗಳ ಅಡುಗೆಯವರಾಗಿದ್ದರು. ಕೆಲಸ ಮುಗಿದ ಮೇಲೆ ಕೂಲಿಯ ಜೊತೆ ಬಾಟಲಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬರುವ ಅಭ್ಯಾಸ. ಕಜೆಟನ್‌ಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಆ ಮನುಷ್ಯ ಗದ್ದೆಯ ತೋಡಿನಲ್ಲಿ ಮುಖ ಅಡಿಯಾಗಿ ಸಿಕ್ಕಿದರು. ತೋಡಿನಲ್ಲಿ ಮೊಣಕಾಲಿನಷ್ಟೂ ನೀರಿರಲಿಲ್ಲ. ಗೋರಿಯ ಹೊಂಡಕ್ಕೆ ಮಣ್ಣು ಹಾಕುವಾಗಲೇ ಮಗ ತಾಯಿಯ ಕೈ ಹಿಡಿದು ಒಂದು ತೊಟ್ಟನ್ನೂ ಬಾಯಿಗೆ ಹಾಕುವುದಿಲ್ಲ ಎಂದು ಆಣೆ ಮಾಡಿದ.

ಆ ಆಣೆಯನ್ನು ಅವರು ಮೂವತ್ತೈದು ವರ್ಷ ಪಾಲಿಸಿದರು. ಹುಡುಗಾಟವಲ್ಲ ಅದು. ಅವರ ಕಸುಬು ಮದುವೆಗಳ ವಿಡಿಯೋ ತೆಗೆಯುವುದು; ಆ ಕೆಲಸದವರಿಗೆ ಮದುವೆ ಮನೆಯಲ್ಲಿ ಊಟಕ್ಕಿಂತ ಮೊದಲು ಲೋಟ ಬರುತ್ತದೆ. ಮದುಮಕ್ಕಳಿಗೆ ಶುಭ ಹಾರೈಸಿ ಟೋಸ್ಟ್ ಹೇಳುವಾಗ ಎಲ್ಲರ ಕೈಯಲ್ಲಿ ವೈನ್, ಇವರ ಕೈಯಲ್ಲಿ ಮಾತ್ರ ನಿಂಬೆ ಸರ್ಬತ್ತು. ಅದಕ್ಕೇ ಅವರಿಗೆ ಸರ್ಬತ್ ಪೊರ್ಬು ಎಂದು ಹೆಸರು ಬಿತ್ತು. ಗೇಲಿ ಮಾಡಿದರೆ ನಗುತ್ತಿದ್ದರು, ಅಷ್ಟೆ.

ಕಾರ್ಕಳದ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು, ಕ್ಯಾಸೆಟ್ ಹಾಕುವ ಕಾಲದಲ್ಲೇ ಹೆಗಲ ಮೇಲೆ ಇಡುವ ದೊಡ್ಡ ಕ್ಯಾಮರಾ ತೆಗೆದುಕೊಂಡವರು ಅವರು. ಉಡುಪಿ, ಹಿರಿಯಡ್ಕ, ಹೂಡೆ, ಎಲ್ಲಿ ಮದುವೆ ಇದ್ದರೂ ಕರೆ ಅವರಿಗೇ. ಅವರದ್ದೊಂದು ವಿಶೇಷ ಇತ್ತು. ಮದುವೆ ಹಾಲ್‌ನ ಬಾಗಿಲಿನಿಂದ ಹೊರಟರೆ ವೇದಿಕೆಯವರೆಗೆ ಎಲ್ಲಿಯೂ ನಿಲ್ಲಿಸದೆ ಒಂದೇ ನಡಿಗೆ. ಸಾಲಾಗಿ ಕೂತ ಮುದುಕ ಮುದುಕಿಯರ ಮುಖಗಳನ್ನು ಒಂದೊಂದಾಗಿ ತೋರಿಸಿಕೊಂಡು ಹೋಗುವರು. ಬಿಂಬ ಕೂದಲಷ್ಟು ಅಲ್ಲಾಡುತ್ತಿರಲಿಲ್ಲ. ಮದುವೆಗೆ ಬರಲಾಗದೆ ಮಸ್ಕತ್ತಿನಲ್ಲಿ, ದುಬೈಯಲ್ಲಿ ಉಳಿದವರು ಮಂಟಪ, ಹೂವು, ಊಟ ಎಲ್ಲವನ್ನೂ ಓಡಿಸಿ ಆ ನಡಿಗೆಯನ್ನು ಮಾತ್ರ ಮತ್ತೆ ಮತ್ತೆ ನೋಡುತ್ತಿದ್ದರು.

ನನ್ನ ತಂಗಿಯ ಮದುವೆಯಲ್ಲೂ ಅವರೇ. ಮೂರನೇ ಸಾಲಿನ ಕೊನೆಯಲ್ಲಿ ನನ್ನ ಅಮ್ಮ ಕೂತಿದ್ದಾರೆ. ಕ್ಯಾಮರಾ ಹತ್ತಿರ ಬಂದಾಗ ಸೆರಗು ಸರಿಮಾಡಿಕೊಂಡು, ಹಲ್ಲಿಲ್ಲದ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡು ನಗುತ್ತಾರೆ. ಅದಾಗಿ ಒಂದು ತಿಂಗಳಿಗೆ ಅಮ್ಮ ತೀರಿಕೊಂಡರು. ಆ ಒಂಬತ್ತು ಸೆಕೆಂಡು ಈಗಲೂ ನನ್ನ ಮೊಬೈಲಿನಲ್ಲಿದೆ. ಇಷ್ಟೆಲ್ಲ ಋಣ ಇಟ್ಟುಕೊಂಡೂ ನಾನು ಹಾಗೆ ಮಾಡಿದೆನಲ್ಲ, ಥೂ ನನ್ನ ಜನ್ಮಕ್ಕೆ.

ಎರಡು ವರ್ಷ ಹಿಂದಿನ ನವೆಂಬರ್. ಬೆಳಿಗ್ಗೆ ಹತ್ತೂವರೆ ಆಗಿರಬೇಕು. ಕಜೆಟನ್ ಸ್ಕೂಟರ್ ನಿಲ್ಲಿಸಿ ಒಳಗೆ ಬಂದರು. ಕಂಕುಳಲ್ಲಿ ಸುರುಳಿ ಸುತ್ತಿದ ಹಳೆಯ ಕ್ಯಾಲೆಂಡರ್.

"ಎಂತ ಪೊರ್ಬುಗಳೇ, ಅಪರೂಪ! ದಾರಿ ತಪ್ಪಿತಾ?" ಎಂದೆ.

"ಇಲ್ಲ ಆಚಾರ್ರೇ, ಒಂದು ಕೆಲಸ ಉಂಟು. ನೀವು ಬೈಯಬಾರದು," ಎಂದು ಕ್ಯಾಲೆಂಡರನ್ನು ಬೆಂಚಿನ ಮೇಲೆ ಬೋರಲು ಹಾಕಿ ಬಿಡಿಸಿದರು. ಹಿಂಬದಿಯಲ್ಲಿ ಪೆನ್ಸಿಲಿನ ಚಿತ್ರ. ಮೈಗೆ ಕಟ್ಟಿಕೊಳ್ಳುವ ಒಂದು ಜಾಕೆಟ್ಟು. ಅದರಿಂದ ಮುಂದೆ ಚಾಚಿದ, ಮೊಣಕೈಯ ಹಾಗೆ ಮಡಚುವ, ಸ್ಪ್ರಿಂಗ್ ಹಾಕಿದ ಕಬ್ಬಿಣದ ತೋಳು. ತೋಳಿನ ತುದಿಯಲ್ಲಿ ನೆಟ್ಟಗೆ ಒಂದು ಪೈಪು, ಪೈಪಿನ ಮೇಲೆ ಕ್ಯಾಮರಾ, ಕೆಳಗೆ ತೂಕದ ಬಿಲ್ಲೆ. ಗೆರೆಗಳೆಲ್ಲ ಸೊಟ್ಟ ಸೊಟ್ಟ. ವಯಸ್ಸಾಯಿತು, ಕಣ್ಣು ಮಂಜಾಗಿದೆ ಅಂದುಕೊಂಡೆ.

"ಇದಕ್ಕೆ ನಾವು ಸ್ಟೆಡಿ ಅಂತ ಹೇಳುವುದು," ಎಂದರು. "ಕ್ಯಾಮರಾದ ಭಾರ ಎಲ್ಲ ಮೈ ಮೇಲೆ. ಕೈ ಬರೇ ದಾರಿ ತೋರಿಸಲಿಕ್ಕೆ, ಎರಡು ಬೆರಳು ಸಾಕು. ಕಂಪೆನಿಯದ್ದು ಬರ್ತದೆ, ಅದರ ಕ್ರಯಕ್ಕೆ ನನ್ನ ಸ್ಕೂಟರ್, ಕ್ಯಾಮರಾ ಎರಡನ್ನೂ ಮಾರಬೇಕು. ನನ್ನ ಜೊತೆ ಕೆಲಸಕ್ಕೆ ಬರುವ ಮಣಿಪಾಲದ ರಿತೇಶನ ಹತ್ತಿರ ಕ್ಯಾಮರಾ ಅಲ್ಲಾಡದ ಹಾಗೆ ಹಿಡಿಯುವ ಮೋಟರಿನ ಗಿಂಬಲ್ ಉಂಟಲ್ಲ, ಅದನ್ನೂ ನೋಡಿದೆ. ಆಗುವುದಿಲ್ಲ. ಅದನ್ನು ಕೈಯಲ್ಲೇ ಹಿಡಿಯಬೇಕು. ಕೈಯೇ..." ಎಂದು ನಿಲ್ಲಿಸಿದರು. "ಹೊರಗಿಂದ ತರಿಸುವುದು ನನ್ನಿಂದ ಆಗದು. ನಾವೇ ಮಾಡುವುದಾ, ಇಲ್ಲ ಈ ಆಸೆಯನ್ನೇ ಬಿಡುವುದಾ ಅಂತ ಒಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ. ಮಾಡಲಿಕ್ಕೆ ಆಗ್ತದಾ ಇಲ್ವಾ, ಅಷ್ಟು ಹೇಳಿ. ಕ್ರಿಸ್ಮಸ್ ಕಳೆದ ಕೂಡಲೇ ಮದುವೆಗಳು ಶುರು."

ಚಿತ್ರ ನೋಡಿ ನನಗೆ ಖುಷಿಯಾದದ್ದು ಸುಳ್ಳಲ್ಲ. ಗೇಟು ಮಾಡಿ ಮಾಡಿ ಬೇಸತ್ತ ಕೈಗೆ ಅದೊಂದು ಕೆಲಸ. ಜಾಕೆಟ್ಟು, ಪೈಪು ಯಾರು ಬೇಕಾದರೂ ಮಾಡಿಯಾರು. ತೋಳೂ ಕಷ್ಟವಲ್ಲ. ಜೀವ ಇರುವುದು ಪೈಪನ್ನು ತೋಳಿಗೆ ಸೇರಿಸುವ ಕೀಲಿನಲ್ಲಿ. ಒಂದರೊಳಗೊಂದು ಮೂರು ಬಳೆ, ಪ್ರತಿಯೊಂದಕ್ಕೂ ಸಣ್ಣ ಬೇರಿಂಗ್, ಉಸಿರು ತಾಗಿದರೆ ತಿರುಗುವಷ್ಟು ಹಗುರ. ಅದನ್ನು ಲೇತ್ ಇಲ್ಲದೆ ಮಾಡಲು ಬರುವುದಿಲ್ಲ.

"ಆಗ್ತದೆ ಮಾರಾಯ್ರೇ, ಯಾಕೆ ಆಗುವುದಿಲ್ಲ!" ಎಂದೆ. ಅವರ ಮುಖ ಅರಳಿತು. ಕೀಲನ್ನು ಬೆರಳಿನಿಂದ ತೋರಿಸಲು ನನ್ನ ಕಡೆಗೆ ಬಗ್ಗಿದರು. ಆಗ ವಾಸನೆ ಬಡಿಯಿತು.

ಏಲಕ್ಕಿ ಜಗಿದಿದ್ದರು. ಅದರ ಅಡಿಯಿಂದ ಬ್ರಾಂಡಿ ಎದ್ದು ಬಂತು. ಬೆಳಿಗ್ಗೆ ಹತ್ತೂವರೆಗೆ, ಸರ್ಬತ್ ಪೊರ್ಬುಗಳ ಬಾಯಿಂದ!

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ನನ್ನ ತಮ್ಮ ಕಿಟ್ಟ ಇದೇ ಲೇತ್ ಮುಂದೆ ಕುಡಿದು ನಿಂತು ಎಡಗೈಯ ಮೂರು ಬೆರಳು ಕಳೆದುಕೊಂಡ. ಬೆರಳು ಹೋದ ಬೇಸರಕ್ಕೆ ಇನ್ನಷ್ಟು ಕುಡಿದು ಎರಡೇ ವರ್ಷದಲ್ಲಿ ತಾನೂ ಹೋದ. ಆ ದಿನದಿಂದ ನನ್ನ ಶಾಪಿಗೆ ಒಂದು ಕಾನೂನು: ಬಾಯಿ ವಾಸನೆ ಬರುವವರು ಕೆಲಸಕ್ಕೂ ಬೇಡ, ಗಿರಾಕಿಯಾಗಿಯೂ ಬೇಡ.

"ಪೊರ್ಬುಗಳೇ, ಎಂತ ಇದು? ನೀವು ಸಹಾ?" ಎಂದು ಕೂಗಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಆಚಾರ್ರೇ, ಅದು ಹಾಗಲ್ಲ..."

"ಹೇಗಲ್ಲ? ಅಮ್ಮನ ಕೈ ಹಿಡಿದು ಆಣೆ ಮಾಡಿದ್ದೀರಿ ಅಂತ ಊರಿಗೆಲ್ಲ ಗೊತ್ತುಂಟು. ಕ್ಯಾಮರಾಕ್ಕೆ ಸ್ಟೆಡಿ ಆಮೇಲೆ. ಮೊದಲು ನೀವು ಸ್ಟೆಡಿ ಆಗಿ!"

ನಮ್ಮಲ್ಲಿ ಆ ಶಬ್ದಕ್ಕೆ ಅರ್ಥ ಒಂದೇ. ಸಂಜೆ ಸಾರಾಯಿ ಗಡಂಗಿನಿಂದ ಹೊರಗೆ ಬಂದವನನ್ನು ಕೇಳುವುದು, ಸ್ಟೆಡಿ ಇದ್ದೀಯಾ ಮಾರಾಯ, ಮನೆಗೆ ಮುಟ್ಟುತ್ತೀಯಾ ಎಂದು. ವೆಲ್ಡಿಂಗ್ ಮಾಡುತ್ತಿದ್ದ ನನ್ನ ಇಬ್ಬರು ಕೆಲಸದವರೂ ತಲೆ ಎತ್ತಿ ನಕ್ಕರು. ಕಜೆಟನ್ ಆ ಇಬ್ಬರ ಕಡೆ ಒಮ್ಮೆ ನೋಡಿ ತಾವೂ ನಕ್ಕರು.

"ಹತ್ತು ದಿನ ಬಿಟ್ಟು ಬನ್ನಿ. ಬಾಯಿ ಚೊಕ್ಕ ಇಟ್ಟುಕೊಂಡು ಬನ್ನಿ. ಮಾಡಿಕೊಡ್ತೇನೆ," ಎಂದೆ.

ಹತ್ತನೇ ದಿನಕ್ಕೆ ಸರಿಯಾಗಿ ಬಂದರು. ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಪರೀಕ್ಷೆಗೆ ಬಂದವರ ಹಾಗೆ. ಬಾಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ನನಗೂ ಸಮಾಧಾನವಾಯಿತು. ಹೋಟೆಲಿನಿಂದ ಚಹಾ ತರಿಸಿ ಗ್ಲಾಸನ್ನು ಅವರ ಕೈಗೆ ಕೊಟ್ಟೆ. ಗ್ಲಾಸು ಬಾಯಿಯವರೆಗೆ ಹೋಗಲಿಲ್ಲ. ಕೈ ಹೇಗೆ ನಡುಗಿತೆಂದರೆ ಅರ್ಧ ಚಹಾ ಅಂಗಿಯ ಮೇಲೆ, ಉಳಿದದ್ದು ಬೆಂಚಿನ ಮೇಲಿದ್ದ ಅವರದೇ ಚಿತ್ರದ ಮೇಲೆ. ಗ್ಲಾಸನ್ನು ಎರಡೂ ಕೈಯಿಂದ ಹಿಡಿಯಲು ನೋಡಿದರು. ಎರಡೂ ಕೈ ನಡುಗಿದವು.

ಕಿಟ್ಟನ ಕೈಯೂ ಬೆಳಿಗ್ಗೆ ಹೀಗೆಯೇ ನಡುಗುತ್ತಿತ್ತು. ಒಂದು ಹಾಕಿದ ಕೂಡಲೇ ನಿಲ್ಲುತ್ತಿತ್ತು. ನನ್ನ ತಲೆಯಲ್ಲಿ ಲೆಕ್ಕ ಕೂಡಲೇ ಮುಗಿಯಿತು: ಕುಡಿಯದೆ ಇದ್ದರೆ ಇಷ್ಟು ನಡುಗುವ ಮನುಷ್ಯ ಕುತ್ತಿಗೆಯವರೆಗೆ ಮುಳುಗಿದ್ದಾನೆ.

"ಆಚಾರ್ರೇ, ಇದು ಕುಡಿತದ್ದಲ್ಲ," ಎಂದರು ಅವರು ಮೆಲ್ಲಗೆ.

"ಎಲ್ಲರೂ ಹೇಳುವುದು ಅದನ್ನೇ. ನನ್ನ ತಮ್ಮನೂ ಸಾಯುವವರೆಗೆ ಅದನ್ನೇ ಹೇಳಿದ," ಎಂದೆ. ಕಾರ್ಕಳದ ಹತ್ತಿರ ಮದ್ಯವರ್ಜನ ಶಿಬಿರ ನಡೆಯುತ್ತಿತ್ತು. ಅಲ್ಲಿಯ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕಜೆಟನ್ ಅವರ ಜೇಬಿಗೆ ನಾನೇ ತುರುಕಿದೆ. ಒಳ್ಳೆಯದು ಮಾಡುತ್ತಿದ್ದೇನೆಂಬ ಸೊಕ್ಕು ಬೇರೆ. "ಇಲ್ಲಿ ಹೋಗಿ ಬನ್ನಿ. ಬಂದ ದಿನವೇ ಕೆಲಸ ಶುರು ಮಾಡ್ತೇನೆ."

ಅವರು ಚಹಾ ಬಿದ್ದ ಕ್ಯಾಲೆಂಡರನ್ನು ಬೆಂಚಿನ ಮೇಲೆಯೇ ಬಿಟ್ಟು ಹೊರಟರು. ಸ್ಕೂಟರಿನ ಕೀ ತೂತಿಗೆ ಹೋಗಲು ತುಂಬ ಹೊತ್ತು ಹಿಡಿಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೋಗಿ ಹಾಕಿಕೊಡಬಹುದಿತ್ತು, ಕೊಡಲಿಲ್ಲ.

ಆಮೇಲೆ ಅವರು ಬರಲಿಲ್ಲ. ಡಿಸೆಂಬರಿನಲ್ಲಿ ರಿತೇಶ್ ಒಂದು ಸ್ಟ್ಯಾಂಡಿನ ಕಾಲು ವೆಲ್ಡ್ ಮಾಡಿಸಲು ಬಂದ. ಮಣಿಪಾಲದಲ್ಲಿ ಎಡಿಟಿಂಗ್ ರೂಮ್ ಇಟ್ಟುಕೊಂಡಿರುವ ಅವನಿಗೆ ಮೂವತ್ತೈದು ವರ್ಷ. ದೊಡ್ಡ ಮದುವೆಗಳಲ್ಲಿ ಕಜೆಟನ್ ಜೊತೆ ಎರಡನೇ ಕ್ಯಾಮರಾ ಅವನದು.

"ಗುರುಗಳು ಸ್ಟೆಡಿಯನ್ನು ಮನೆಯಲ್ಲೇ ಮಾಡ್ತಿದ್ದಾರೆ," ಎಂದ. "ಮಲ್ಪೆಯಿಂದ ಹಳೆಯ ಲೈಫ್ ಜಾಕೆಟ್ ತಂದಿದ್ದಾರೆ. ಬಾಗಿಲು ಮುಚ್ಚುವ ಸ್ಪ್ರಿಂಗ್ ಹಾಕಿ ತೋಳು ಮಾಡಿದ್ದಾರೆ. ನಾನು ಬೇಡ ಅಂದೆ. ಕೇಳುವುದಿಲ್ಲ."

"ಕೀಲಿಗೆ ಎಂತ ಮಾಡಿದ್ದಾರೆ?"

"ಕೀಲು ಇಲ್ಲ. ಪೈಪನ್ನು ತೋಳಿಗೆ ನೇರ ಬೋಲ್ಟ್ ಹಾಕಿದ್ದಾರೆ. ಅದನ್ನು ಮಾಡುವ ಜನ ಒಪ್ಪಲಿಲ್ಲ ಅಂತ ಹೇಳಿದರು. ಯಾರು ಅಂತ ಹೇಳಲಿಲ್ಲ."

ನಾನು ಸ್ಟ್ಯಾಂಡಿನ ಕಾಲು ವೆಲ್ಡ್ ಮಾಡಿ ಅವನನ್ನು ಕಳುಹಿಸಿದೆ. ಪೊರ್ಬುಗಳು ಶಿಬಿರಕ್ಕೆ ಹೋಗಲಿಲ್ಲವಲ್ಲ ಎಂದು ಒಳಗೊಳಗೇ ಬೈದುಕೊಂಡೆ.

ಜನವರಿ ಮೊದಲ ವಾರ. ಬೆಳ್ಮಣ್‌ನಲ್ಲಿ ಕಜೆಟನ್ ಅವರ ನೆರೆಮನೆಯ ಜೋಯ್‌ಸ್ಟನ್‌ಗೆ ಮದುವೆ. ಮದುವೆಯ ಹಿಂದಿನ ಸಂಜೆ ಮದುಮಗನಿಗೆ ತೆಂಗಿನಹಾಲು ಹಚ್ಚುವ ರೋಸ್. ಬಂದವರೆಲ್ಲ ಹಾಲು ಹಚ್ಚಿ, ತಲೆಗೆ ಸುರಿದು, ಕೊನೆಗೆ ಅಂಗಳವೆಲ್ಲ ಹಾಲು, ಎಣ್ಣೆ, ನಗು. ಮರುದಿನ ಬೆಳಿಗ್ಗೆ ನಾನು ಶಾಪಿನ ಬಾಗಿಲು ತೆಗೆಯುವ ಮೊದಲೇ ಕೆಲಸದವನೊಬ್ಬ ಮೊಬೈಲ್ ಮುಂದೆ ಹಿಡಿದ. "ಧನಿಗಳೇ, ನಿಮ್ಮ ಪೊರ್ಬುಗಳು ಫುಲ್ ಟೈಟ್!" ಎಂದು ನಕ್ಕ.

ಯಾರೋ ತೆಗೆದು ವಾಟ್ಸಾಪಿಗೆ ಬಿಟ್ಟ ವಿಡಿಯೋ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕಟ್ಟಿಕೊಂಡ ಕಜೆಟನ್ ಅಂಗಳದ ಆಚೆ ತುದಿಯಿಂದ ನಡೆದು ಬರುತ್ತಾರೆ. ಸಾಲಾಗಿ ಕೂತ ಮುದುಕಿಯರು. ಅದೇ ನಡಿಗೆ. ನಾಲ್ಕು ಹೆಜ್ಜೆ, ಐದು ಹೆಜ್ಜೆ. ಇದ್ದಕ್ಕಿದ್ದ ಹಾಗೆ ತೋಳು ಅಡ್ಡಕ್ಕೆ ಬಡಿಯುತ್ತದೆ, ಕ್ಯಾಮರಾ ಹಾರುತ್ತದೆ, ಕಾಲು ಹಾಲಿನ ಮೇಲೆ ಜಾರುತ್ತದೆ. ಅವರು ಮಗ್ಗುಲಾಗಿ ಬೀಳುತ್ತಾರೆ. ಹಿಂದಿನಿಂದ ಬ್ಯಾಂಡಿನವರ ನಗು. ಕೆಳಗೆ ನಗುವ ಮುಖದ ಚಿತ್ರಗಳ ಸಾಲು.

ಕೆಲಸದವನಿಂದ ಮೊಬೈಲ್ ಕಸಿದುಕೊಂಡು ಮತ್ತೆ ಹಾಕಿದೆ. ಮತ್ತೊಮ್ಮೆ. ಮೂರನೇ ಸಲ ನೋಡುವಾಗ ಗೊತ್ತಾಯಿತು. ಮನುಷ್ಯರ ವಿಷಯದಲ್ಲಿ ನಾನು ಮೋಸ ಹೋದೇನು, ಕಬ್ಬಿಣದ ವಿಷಯದಲ್ಲಿ ಹೋಗುವುದಿಲ್ಲ. ಮೊದಲು ಬಿದ್ದದ್ದು ಮನುಷ್ಯನಲ್ಲ. ಮೊದಲು ಬೋಲ್ಟ್ ಕಿತ್ತು ಬಂದದ್ದು. ಸ್ಪ್ರಿಂಗ್ ಬಿಟ್ಟದ್ದು ಆಮೇಲೆ, ಕಾಲು ಜಾರಿದ್ದು ಅದಕ್ಕೂ ಆಮೇಲೆ. ಬೀಳುವವರೆಗೂ ಅವರ ಹೆಜ್ಜೆ ಹದವಾಗಿಯೇ ಇತ್ತು.

"ಇವರು ಕುಡಿದು ಬಿದ್ದವರಲ್ಲ!" ಎಂದು ಕೂಗಿದೆ. ಕೆಲಸದವನಿಗೆ ಎಂತ ಗೊತ್ತಾಗಬೇಕು, ಪಾಪ. ಬಾಯಿ ಬಿಟ್ಟು ನಿಂತ.

ಶಾಪ್ ಹಾಗೆಯೇ ಬಿಟ್ಟು ಬೆಳ್ಮಣ್‌ಗೆ ಹೋದೆ. ಮನೆಗೆ ಬೀಗ. ಅಂಗಳದ ಮೂಲೆಯಲ್ಲಿ ಮುರಿದ ತೋಳು ಬಿದ್ದಿತ್ತು. ಎತ್ತಿ ನೋಡಿದೆ. ಬೋಲ್ಟ್ ಕೂರಬೇಕಾದ ತೂತು ಓರೆಯಾಗಿತ್ತು, ಅಂಚು ಹರಿದ ಬಟ್ಟೆಯ ಹಾಗೆ. ಅದರ ಸುತ್ತ ಡ್ರಿಲ್ಲಿನ ಮೊನೆ ಜಾರಿ ಮಾಡಿದ ಇಪ್ಪತ್ತು, ಇಪ್ಪತ್ತೈದು ಗೀರುಗಳು. ಒಂದು ತೂತು ಕೊರೆಯಲು ಆ ಮನುಷ್ಯ ಎಷ್ಟು ಸಲ ಡ್ರಿಲ್ ಇಟ್ಟಿರಬೇಕು! ನನ್ನ ಶಾಪಿನಲ್ಲಿ ಅದು ಅರ್ಧ ನಿಮಿಷದ ಕೆಲಸ.

ನೆರೆಯವರನ್ನು ಕೇಳಿಕೊಂಡು ಉಡುಪಿಯ ಆಸ್ಪತ್ರೆಗೆ ಹೋದೆ. ಕಜೆಟನ್ ಅವರನ್ನು ಆಪರೇಶನ್‌ಗೆ ಒಳಗೆ ಕರೆದುಕೊಂಡು ಹೋಗಿದ್ದರು. ಸೊಂಟದ ಕೀಲು ಮುರಿದಿತ್ತು. ಹೊರಗಿನ ಬೆಂಚಿನಲ್ಲಿ ಅವರ ಹೆಂಡತಿ ಆನ್ಸಿಲ್ಲಾ ಬಾಯಿ ಒಬ್ಬರೇ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದರು. ನಾನು ಕೂರಿಸಿದೆ.

"ಬಾಯಿ, ಬೋಲ್ಟ್ ಹೋದದ್ದು. ನಾನು ನೋಡಿದೆ," ಎಂದೆ.

"ನೀವೊಬ್ಬರಾದರೂ ಹೇಳಿದಿರಿ," ಎಂದು ಅವರು ಅಳುವುದಕ್ಕೆ ಶುರು ಮಾಡಿದರು. ಅತ್ತು ಮುಗಿಸಿ, ಚೀಲದಿಂದ ಪ್ರಾರ್ಥನೆಯ ಪುಸ್ತಕ ತೆಗೆದು ಅದರೊಳಗಿಂದ ಮಡಚಿದ ಒಂದು ಕಾಗದ ಕೊಟ್ಟರು. ಮಣಿಪಾಲದ ಡಾಕ್ಟರರ ಚೀಟಿ. ನಾನು ಕಜೆಟನ್ ಅವರನ್ನು ಬೈದ ನವೆಂಬರಿಗಿಂತ ಒಂದೂವರೆ ವರ್ಷ ಹಿಂದಿನ ತಾರೀಕು.

ಕೈ ನಡುಗುವ ಕಾಯಿಲೆ ಅದು, ಕುಡಿತಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದರು ಆನ್ಸಿಲ್ಲಾ ಬಾಯಿ. ಮಾತ್ರೆ ಇತ್ತು, ಆದರೆ ಕಜೆಟನ್‌ಗೆ ದಮ್ಮು. ದಮ್ಮು ಇರುವವರಿಗೆ ಆ ಮಾತ್ರೆ ಆಗುವುದಿಲ್ಲ. ಬದಲಿ ಮಾತ್ರೆ ಕೊಟ್ಟರು, ಅದರಿಂದ ಹಗಲಿಡೀ ನಿದ್ದೆ ಬಂದು ಕೆಲಸ ಮಾಡಲು ಆಗಲಿಲ್ಲ. "ಡಾಕ್ಟ್ರು ಮೊದಲ ದಿನವೇ ಒಂದು ಪ್ರಶ್ನೆ ಕೇಳಿದರು ಆಚಾರ್ರೇ. ಸ್ವಲ್ಪ ಕುಡಿದರೆ ನಡುಕ ಕಡಿಮೆ ಆಗ್ತದಾ ಅಂತ. ಯಾವ ಕಾಯಿಲೆ ಅಂತ ತಿಳಿಯಲಿಕ್ಕೆ ಹಾಗೆ ಕೇಳುವುದಂತೆ. ಇವರು, ನನಗೆ ಗೊತ್ತಿಲ್ಲ, ನಾನು ಕುಡಿಯುವುದಿಲ್ಲ ಅಂದರು. ಹಾಗಾದರೆ ಕುಡಿಯಲೂ ಬೇಡಿ, ಅದು ಮದ್ದಲ್ಲ ಅಂತ ಡಾಕ್ಟ್ರು ಎರಡೆರಡು ಸಲ ಹೇಳಿ ಕಳಿಸಿದರು. ಆದರೆ ಆ ಪ್ರಶ್ನೆ ಇವರ ತಲೆಯಿಂದ ಹೋಗಲಿಲ್ಲ."

ಎಂಟು ತಿಂಗಳು ತಡೆದರಂತೆ. ವಿಡಿಯೋ ಅಲ್ಲಾಡುತ್ತದೆ ಎಂದು ಮೂರು ಮನೆಯವರು ಮುಖಕ್ಕೇ ಹೇಳಿದರು. ಬುಕ್ ಮಾಡಿದ ನಾಲ್ಕನೆಯವರು ಬೇರೆಯವರನ್ನು ಕರೆದರು. ಕಾಯಿಲೆ ಎಂದು ಹೇಳಿಬಿಡಿ ಎಂದು ಆನ್ಸಿಲ್ಲಾ ಬಾಯಿ ಎಷ್ಟು ಹೇಳಿದರೂ ಕಜೆಟನ್ ಒಪ್ಪಲಿಲ್ಲ. ಕುಡಿದು ಕೈ ನಡುಗುವವನಿಗೆ ಜನ ಬೈದಾರು, ಬೈದು ಕೆಲಸಕ್ಕೂ ಕರೆದಾರು. ಕಾಯಿಲೆಯಿಂದ ನಡುಗುವವನಿಗೆ ಅಯ್ಯೋ ಪಾಪ ಎಂದು ಹೇಳಿ ಬೇರೆಯವರನ್ನು ಕರೆಯುತ್ತಾರೆ ಎನ್ನುತ್ತಿದ್ದರಂತೆ. ಅದು ಸುಳ್ಳೆಂದು ನಾನು ಹೇಗೆ ಹೇಳಲಿ?

"ಮೊದಲ ಸಲ ಕೊಟ್ಟದ್ದು ನಾನೇ," ಎಂದರು ಬಾಯಿ, ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ. "ಕ್ರಿಸ್ಮಸ್‌ಗೆ ಮಾಡಿದ ದ್ರಾಕ್ಷಿ ವೈನು. ಟಾನಿಕ್ಕಿನ ಮುಚ್ಚಳದಲ್ಲಿ ಅಳೆದು ಕೊಟ್ಟೆ. ಇವರು ಅಮ್ಮನ ಫೋಟೋವನ್ನು ಗೋಡೆಗೆ ತಿರುಗಿಸಿ ಇಟ್ಟು ಕುಡಿದರು. ಕಾಲು ಗಂಟೆಯಲ್ಲಿ ಕೈ ನಿಂತಿತು ಆಚಾರ್ರೇ. ಇಬ್ಬರೂ ನಕ್ಕೆವು. ಆಮೇಲೆ ಮುಚ್ಚಳ ಸಾಕಾಗಲಿಲ್ಲ. ವೈನೂ ಸಾಕಾಗಲಿಲ್ಲ. ಇವರಿಗೇ ಹೆದರಿಕೆ ಆಯಿತು, ನಾನು ಅಪ್ಪನ ದಾರಿ ಹಿಡಿದೆ ಅಂತ. ಆಗ ಸ್ಟೆಡಿಯ ವಿಷಯ ಎಲ್ಲೋ ನೋಡಿದ್ದು. ಅದೊಂದು ಆದರೆ ಇದನ್ನು ಬಿಡಬಹುದು ಅಂದರು. ನಿಮ್ಮಲ್ಲಿಗೆ ಬಂದದ್ದು ಅದಕ್ಕೇ. ನೀವು ಹೇಳಿದ್ದೀರಿ ಅಂತ ಹತ್ತು ದಿನ ಮುಟ್ಟಲಿಲ್ಲ. ಎರಡು ಕೆಲಸ ಬಿಟ್ಟುಕೊಟ್ಟರು."

ಬ್ರಾಂಡಿಯಿಂದ ತಪ್ಪಿಸಿಕೊಳ್ಳಲು ಬಂದ ಮನುಷ್ಯನನ್ನು ನಾನು ಬ್ರಾಂಡಿಯ ವಾಸನೆ ಹಿಡಿದು ಓಡಿಸಿದೆ. ಚೊಕ್ಕವಾಗಿ ಬಂದಾಗ ನಡುಕ ಹಿಡಿದು ಓಡಿಸಿದೆ. ಇನ್ನು ಹೇಗೆ ಬರಬೇಕಿತ್ತು ಆ ಮನುಷ್ಯ ನನ್ನ ಹತ್ತಿರ? ಆಸ್ಪತ್ರೆಯ ಮೆಟ್ಟಿಲಿನಲ್ಲಿ ಕೂತು ನನ್ನ ತಲೆಗೆ ನಾನೇ ಹೊಡೆದುಕೊಂಡೆ. ನೋಡಿದವರು ಯಾರೋ ಸತ್ತರೆಂದು ತಿಳಿದು ದೂರ ಸರಿದು ಹೋದರು.

ಮರುದಿನ ಚಹಾದ ಕಲೆ ಬಿದ್ದ ಕ್ಯಾಲೆಂಡರನ್ನು ಹುಡುಕಿ ತೆಗೆದೆ. ಬೆಂಚಿನ ಕೆಳಗೆ ವೆಲ್ಡಿಂಗ್ ಕಡ್ಡಿಯ ಪೆಟ್ಟಿಗೆಗಳ ಅಡಿಯಲ್ಲಿ ಇತ್ತು. ಬೇರೆ ಕೆಲಸ ಬದಿಗಿಟ್ಟು ಶುರು ಮಾಡಿದೆ. ಮೂರು ಬಳೆಗಳನ್ನು ಅಲ್ಯುಮಿನಿಯಂನಲ್ಲಿ ಕಡೆದೆ. ಮೊದಲ ಎರಡು ಸಲ ಬೇರಿಂಗ್ ಬಿಗಿಯಾಯಿತು, ಎಸೆದು ಮತ್ತೆ ಕಡೆದೆ. ತೋಳಿಗೆ ಸರಿಯಾದ ಸ್ಪ್ರಿಂಗ್ ಸಿಗಲು ಮಂಗಳೂರಿನವರೆಗೆ ಹೋದೆ. ಜಾಕೆಟ್ಟನ್ನು ಸೀಟು ಹೊಲಿಯುವವರ ಹತ್ತಿರ ಹೊಲಿಸಿದೆ. ರಿತೇಶ್ ಒಂದು ಕ್ಯಾಮರಾ ತಂದು ತೂಗಿ, ತೂಕದ ಬಿಲ್ಲೆ ಕೂಡಿಸಿ ಕಳೆದು ಕೊಟ್ಟ. ಒಂದು ದಿನ ಅವನೇ ಅದನ್ನು ಕಟ್ಟಿಕೊಂಡು, ಬೇಕೆಂದೇ ಕೈ ನಡುಗಿಸುತ್ತಾ ಶಾಪಿನ ಈ ತುದಿಯಿಂದ ಆ ತುದಿಗೆ ನಡೆದ. ಪರದೆಯಲ್ಲಿ ಬಿಂಬ ಅಲ್ಲಾಡಲಿಲ್ಲ. ಅವ ಕುಣಿದ. ನಾನು ತಿರುಗಿ ಲೇತ್ ಒರೆಸಲು ಶುರು ಮಾಡಿದೆ. ಆಗುತ್ತದೋ ಇಲ್ಲವೋ ಎಂಬ ಸಂಶಯವೂ ಇನ್ನು ಉಳಿದಿರಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಅದನ್ನು ಬೆಳ್ಮಣ್‌ಗೆ ತೆಗೆದುಕೊಂಡು ಹೋದೆವು. ಕಜೆಟನ್ ಜಗಲಿಯಲ್ಲಿ ಕುರ್ಚಿಯ ಮೇಲೆ ಇದ್ದರು. ಪಕ್ಕದಲ್ಲಿ ಹಿಡಿದು ನಡೆಯುವ ನಾಲ್ಕು ಕಾಲಿನ ವಾಕರ್. ಸೊಂಟ ಸರಿಯಾಗಿ ಕೂಡಿಬಂದಿರಲಿಲ್ಲ. ಮೂರು ತಿಂಗಳಲ್ಲಿ ಹತ್ತು ವರ್ಷ ಹೆಚ್ಚು ವಯಸ್ಸಾಗಿತ್ತು. ಮನೆಯೊಳಗೆ ಕಾಲಿಟ್ಟ ಕೂಡಲೇ ಅದೇ ವಾಸನೆ. ಈಗ ಏಲಕ್ಕಿಯೂ ಇರಲಿಲ್ಲ.

"ಬಿದ್ದ ಮೇಲೆ ನೋವಿಗೆ ಅಂತ ಕುಡಿದರು, ಆ ವಿಡಿಯೋ ಊರೆಲ್ಲ ನೋಡಿತು ಅಂತ ಕುಡಿದರು," ಎಂದು ಅಡುಗೆ ಮನೆಯ ಬಾಗಿಲಲ್ಲಿ ಆನ್ಸಿಲ್ಲಾ ಬಾಯಿ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. "ಈಗ ಒಮ್ಮೆಗೇ ಬಿಡಿಸಬಾರದು, ಅಡ್ಮಿಟ್ ಮಾಡಿ ಮೆಲ್ಲಗೆ ಬಿಡಿಸಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. ಎಲ್ಲಿಗೂ ಬರುವುದಿಲ್ಲ ಅಂತ ಹಠ ಇವರದ್ದು. ಹೊತ್ತು ಹೊತ್ತಿಗೆ ಅಳೆದು ಕೊಡುವುದೇ ನನ್ನ ಕೆಲಸ ಆಗಿದೆ."

ಕಜೆಟನ್ ನಾವು ತಂದದ್ದನ್ನು ನೋಡಿದರು. ಎರಡೂ ಕೈಯನ್ನು ಮೇಲೆ ಎತ್ತಿದರು. ಮಗುವಿಗೆ ಅಂಗಿ ತೊಡಿಸುವ ಹಾಗೆ ನಾವು ಜಾಕೆಟ್ಟು ತೊಡಿಸಿ, ಬಕಲ್ ಹಾಕಿ, ತೋಳು ಸಿಕ್ಕಿಸಿ, ಕ್ಯಾಮರಾ ಇಟ್ಟೆವು. ರಿತೇಶ್ ಎದುರಿನಿಂದ ಹಿಡಿದ, ನಾನು ಹಿಂದಿನಿಂದ ಸೊಂಟದ ಪಟ್ಟಿ ಹಿಡಿದೆ. ಅವರು ಎದ್ದು ನಿಂತರು. ಎರಡು ಬೆರಳನ್ನು ಪೈಪಿಗೆ ತಾಗಿಸಿದರು. ಬೆರಳು ನಡುಗುತ್ತಿತ್ತು. ಕೀಲು ಆ ನಡುಕವನ್ನು ನುಂಗಿತು. ಸಣ್ಣ ಪರದೆಯಲ್ಲಿ ಬಾಗಿಲ ಬಳಿ ನಿಂತ ಆನ್ಸಿಲ್ಲಾ ಬಾಯಿ, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ, ಒಂದಿಷ್ಟೂ ಅಲ್ಲಾಡದೆ.

ತುಂಬ ಹೊತ್ತು ಹಾಗೇ ನೋಡಿದರು. ಆಮೇಲೆ ಬಲಗಾಲು ಮುಂದಿಟ್ಟರು. ಎಡಗಾಲು ಬರಲಿಲ್ಲ. ಸೊಂಟ ಕುಸಿದು ಪೂರ್ತಿ ಭಾರ ನನ್ನ ಕೈಗೆ ಬಂತು.

"ಸಾಕು," ಎಂದರು. ಕೂತ ಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು. "ಮಾಡಲಿಕ್ಕೆ ಆಗ್ತಿತ್ತು, ಅಲ್ವಾ ಆಚಾರ್ರೇ?"

"ಆಗ್ತಿತ್ತು ಪೊರ್ಬುಗಳೇ," ಎಂದೆ. "ನನ್ನ ತಪ್ಪು. ನನ್ನನ್ನು ಕ್ಷಮಿಸಿ."

ಅವರು ಉತ್ತರ ಹೇಳುವ ಮೊದಲೇ ಅವರ ಮೈಯೆಲ್ಲ ನಡುಗಲು ಶುರುವಾಯಿತು. ಅಳೆದು ಕೊಡುವ ಹೊತ್ತು ಮೀರಿತ್ತು. ಆನ್ಸಿಲ್ಲಾ ಬಾಯಿ ಓಡಿ ಹೋಗಿ ಸ್ಟೀಲಿನ ಲೋಟ ತಂದರು. ಕಜೆಟನ್ ಕೈ ಚಾಚಿದರೆ ಬೆರಳು ಲೋಟಕ್ಕೆ ಬಡಿಯಿತೇ ಹೊರತು ಹಿಡಿಯಲಿಲ್ಲ. ಜಾಕೆಟ್ಟಿನ ಬಕಲ್ ಇನ್ನೂ ಹಾಕಿಕೊಂಡೇ ಇತ್ತು, ಕ್ಯಾಮರಾ ಎದೆಯ ಮುಂದೆ ತೂಗುತ್ತಿತ್ತು. ರಿತೇಶ್ ಅದನ್ನು ಹಿಡಿದ, ಆನ್ಸಿಲ್ಲಾ ಬಾಯಿ ಬಕಲ್ ಬಿಚ್ಚಲು ಬಗ್ಗಿದರು.

"ಆಚಾರ್ರೇ, ಸ್ವಲ್ಪ ಇದನ್ನು ಇವರ ಬಾಯಿಗೆ ಹಿಡಿಯಿರಿ," ಎಂದು ಲೋಟವನ್ನು ನನ್ನ ಕೈಗೆ ಕೊಟ್ಟರು.

ಹಿಡಿದೆ. ಒಂದು ಕೈಯಿಂದ ಅವರ ತಲೆಯ ಹಿಂಭಾಗಕ್ಕೆ ಆಧಾರ ಕೊಟ್ಟು, ಇನ್ನೊಂದು ಕೈಯಿಂದ ಗುಟುಕು ಗುಟುಕಾಗಿ ಕುಡಿಸಿದೆ. ಬ್ರಾಂಡಿಯ ವಾಸನೆ ನನ್ನ ಮುಖಕ್ಕೇ ಬರುತ್ತಿತ್ತು. ಒಂದು ತೊಟ್ಟು ಚೆಲ್ಲಲಿಲ್ಲ. ಲೋಟ ಖಾಲಿಯಾದ ಮೇಲೂ ಕೆಳಗಿಡಲು ನನಗೆ ನೆನಪಾಗಲಿಲ್ಲ.

ಕಾಲು ಗಂಟೆ ಕಳೆಯಿತು. ಕಜೆಟನ್ ತಮ್ಮ ಬಲಗೈಯನ್ನು ಮುಂದೆ ಚಾಚಿ, ಬೆರಳು ಬಿಡಿಸಿ, ನನಗೆ ಕಾಣುವ ಹಾಗೆ ಹಿಡಿದರು. ಕೈ ನಿಂತಿತ್ತು.

"ನೋಡಿ ಆಚಾರ್ರೇ," ಎಂದರು. "ಈಗ ಸ್ಟೆಡಿ."